ಡಿಜಿಟಲ್ ಅಲೆಮಾರಿಗಳ ವಲಸೆಯನ್ನು ಅಳೆಯುವುದು ಹೇಗೆ? ಪಿಎಚ್.ಡಿ. ಸಂಶೋಧನೆಗೆ ಸಲಹೆ ಬೇಕಾಗಿದೆ

ಧಾರವಾಡದ ಸಂಶೋಧನಾರ್ಥಿ:

ಎಲ್ಲರಿಗೂ ನಮಸ್ಕಾರ. ನಾನು ವಾಣಿಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಲ್ಯಾಪ್‌ಟಾಪ್ ಒಂದನ್ನೇ ನೆಚ್ಚಿಕೊಂಡು ದೇಶದಿಂದ ದೇಶಕ್ಕೆ ಸುತ್ತುತ್ತಾ ದುಡಿಯುವ ಡಿಜಿಟಲ್ ಅಲೆಮಾರಿಗಳನ್ನು ಆನ್‌ಲೈನ್ ಪ್ರಚಾರ ಎಷ್ಟರಮಟ್ಟಿಗೆ ಸೆಳೆಯುತ್ತದೆ ಎಂಬುದು ನನ್ನ ವಿಷಯ. ಎಸ್ಟೋನಿಯಾ, ಪೋರ್ಚುಗಲ್ ಮತ್ತು ಮೆಕ್ಸಿಕೊ ನಗರವನ್ನು ಆರಿಸಿಕೊಂಡು, ಜನ ಗೂಗಲ್‌ನಲ್ಲಿ ಏನನ್ನು ಹೆಚ್ಚು ಹುಡುಕುತ್ತಿದ್ದಾರೆಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನ 2019ರಿಂದ 2024ರವರೆಗಿನ ಅಂಕಿಗಳನ್ನು ಇಳಿಸಿಕೊಂಡು, ಅವುಗಳ ಏರಿಳಿತವನ್ನು ಅಲ್ಲಿನ ಸರ್ಕಾರಗಳು ವೀಸಾ ಘೋಷಿಸಿದ, ಪ್ರಚಾರ ಆರಂಭಿಸಿದ ದಿನಾಂಕಗಳೊಂದಿಗೆ ಹೋಲಿಸಿದ್ದೇನೆ. ರೇಖಾಚಿತ್ರವೇನೋ ಚೆನ್ನಾಗಿಯೇ ಬಂದಿದೆ. ಆದರೆ ಕಳೆದ ತಿಂಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, “ಹುಡುಕಿದವರೆಲ್ಲ ಹೊರಟೇಬಿಟ್ಟರೇನಮ್ಮ? ಹೊರಟವರ ಲೆಕ್ಕ ಯಾವ ದಫ್ತರದಲ್ಲಿದೆ?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಜನರ ಸಂಖ್ಯೆಯನ್ನು ಎಲ್ಲಿಂದ ಪಡೆಯಬೇಕು, ಪ್ರಚಾರದಿಂದಲೇ ಅವರು ಬಂದರೆಂದು ತೋರಿಸಲು ಸಾಧ್ಯವೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ನಿವೃತ್ತ ಸಂಖ್ಯಾಶಾಸ್ತ್ರ ಅಧ್ಯಾಪಕ:

ನಿಮ್ಮ ಸಭೆಯ ಹಿರಿಯರು ಕೇಳಬೇಕಾದದ್ದನ್ನೇ ಕೇಳಿದ್ದಾರೆ. ವಿಶ್ವಸಂಸ್ಥೆಯ 1998ರ ಶಿಫಾರಸಿನ ಪ್ರಕಾರ ತನ್ನ ವಾಸದ ದೇಶವನ್ನು ಕನಿಷ್ಠ 12 ತಿಂಗಳು ಬಿಟ್ಟು ಬೇರೆಡೆ ನೆಲೆಸಿದವರು ದೀರ್ಘಾವಧಿ ವಲಸಿಗರು. 3ರಿಂದ 12 ತಿಂಗಳವರೆಗೆ ನೆಲೆಸಿದವರು ಅಲ್ಪಾವಧಿ ವಲಸಿಗರು. ಹೀಗಿದ್ದರೂ ಪ್ರವಾಸಿಯೆಂದು ಒಳಬಂದು, ನಾಲ್ಕು ತಿಂಗಳು ಬಾಡಿಗೆ ಮನೆಯಲ್ಲಿ ಕುಳಿತು ತನ್ನ ದೇಶದ ಕಂಪನಿಗೆ ದುಡಿದು ಹೊರಟುಹೋಗುವವನು ಗಡಿಯ ದಾಖಲೆಯಲ್ಲಿ ಪ್ರವಾಸಿಯಾಗಿಯೇ ಉಳಿಯುತ್ತಾನೆ. ನೀವು ಹುಡುಕುತ್ತಿರುವ ಬಹುಪಾಲು ಜನ ಇವರೇ.

ಎಸ್ಟೋನಿಯಾದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಆ ದೇಶ 2014ರ ಡಿಸೆಂಬರಿನಲ್ಲಿ ಆರಂಭಿಸಿದ ಇ-ರೆಸಿಡೆನ್ಸಿಯೂ (ವಿದೇಶಿಯರಿಗೆ ಕೊಡುವ ಡಿಜಿಟಲ್ ಗುರುತಿನ ಕಾರ್ಡು) 2020ರ ಆಗಸ್ಟಿನಲ್ಲಿ ತಂದ ಡಿಜಿಟಲ್ ಅಲೆಮಾರಿ ವೀಸಾವೂ ಒಂದೇ ಅಲ್ಲ. ಇ-ರೆಸಿಡೆನ್ಸಿ ಪಡೆದವರು ಬೆಂಗಳೂರಿನಲ್ಲಿ ಕುಳಿತೇ ಅಲ್ಲೊಂದು ಕಂಪನಿ ನಡೆಸಬಹುದು, ಆದರೆ ಆ ಕಾರ್ಡು ಅವರಿಗೆ ಅಲ್ಲಿ ವಾಸಿಸುವ ಹಕ್ಕನ್ನು ಕೊಡುವುದಿಲ್ಲ. ಆ ಸಂಖ್ಯೆಯನ್ನು ವಲಸೆಯ ಕೋಷ್ಟಕದಲ್ಲಿ ಸೇರಿಸಿದ ಬರಹಗಳನ್ನು ನಾನು ಕಂಡಿದ್ದೇನೆ. ನೀವು ಹಾಗೆ ಮಾಡಬೇಡಿ.

ಹಾಗೆಯೇ ಅಮೆರಿಕದ ಎಂಬಿಒ ಪಾರ್ಟ್‌ನರ್ಸ್ ಸಂಸ್ಥೆಯ ಸಮೀಕ್ಷೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಪ್ರಕಾರ ಅಮೆರಿಕದ ಡಿಜಿಟಲ್ ಅಲೆಮಾರಿಗಳು 2019ರಲ್ಲಿ 73 ಲಕ್ಷ, 2024ರಲ್ಲಿ 1 ಕೋಟಿ 81 ಲಕ್ಷ. ತಮ್ಮನ್ನು ತಾವೇ ಹಾಗೆಂದು ಕರೆದುಕೊಂಡವರ ಅಂದಾಜು ಇದು, ಅಮೆರಿಕದೊಳಗೇ ಸುತ್ತಾಡುವವರೂ ಇದರಲ್ಲಿ ಸೇರಿದ್ದಾರೆ. ವೃತ್ತಿಜೀವನದ ಒಲವು ಹೇಗೆ ಬದಲಾಗುತ್ತಿದೆ ಎಂದು ಹೇಳಲು ಇದು ಸಾಕು, ವಲಸೆಗೆ ಸಾಲದು.

ಬೆಂಗಳೂರಿನ ಮಾರ್ಕೆಟಿಂಗ್ ಉದ್ಯೋಗಿ:

ಮೇಷ್ಟ್ರು ವಲಸೆಯ ಕಡೆಯಿಂದ ಹೇಳಿದ್ದನ್ನು ನಾನು ಮಾರ್ಕೆಟಿಂಗ್ ಕಡೆಯಿಂದ ಪೂರ್ತಿ ಮಾಡುತ್ತೇನೆ. ಗೂಗಲ್ ಟ್ರೆಂಡ್ಸ್ ಕೊಡುವುದು ಹುಡುಕಾಟಗಳ ಸಂಖ್ಯೆಯನ್ನಲ್ಲ; ನೀವು ಆರಿಸಿದ ಅವಧಿಯ ಅತಿ ಎತ್ತರದ ಬಿಂದುವನ್ನು 100 ಎಂದು ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿದ ಅಳತೆಯನ್ನು. ಮೂರೂ ಜಾಗಗಳ ಹುಡುಕುಪದಗಳನ್ನು ಬೇರೆ ಬೇರೆಯಾಗಿ ಇಳಿಸಿಕೊಂಡಿದ್ದರೆ ಎಸ್ಟೋನಿಯಾದ 100ಕ್ಕೂ ಪೋರ್ಚುಗಲ್‌ನ 100ಕ್ಕೂ ಯಾವ ಸಂಬಂಧವೂ ಇರುವುದಿಲ್ಲ, ಆದ್ದರಿಂದ ಒಟ್ಟಿಗೇ ಹಾಕಿ ಮತ್ತೆ ಇಳಿಸಿಕೊಳ್ಳಿ. ಇದಲ್ಲದೆ, ಸರ್ಕಾರವೊಂದು ಡಿಜಿಟಲ್ ಅಲೆಮಾರಿ ಎಂಬ ಹೆಸರಿನ ವೀಸಾ ಘೋಷಿಸಿದ ಮೇಲೆ ಆ ಹೆಸರನ್ನು ಜನ ಹುಡುಕಿದರು ಎಂಬುದರಲ್ಲಿ ಆಶ್ಚರ್ಯವೇನಿದೆ?

ಜಾಲತಾಣಗಳ ಭೇಟಿಯ ಅಂಕಿಗಳನ್ನು ಯಾರಾದರೂ ಕೊಟ್ಟರೆ ದಿನಾಂಕ ಗಮನಿಸಿ. ಭೇಟಿಗಳನ್ನು ಎಣಿಸುವ ಗೂಗಲ್‌ನ ಹಳೆಯ ಸಾಧನ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತು; ಬದಲಿಗೆ ಬಂದ ಜಿಎ4 (ಗೂಗಲ್ ಅನಲಿಟಿಕ್ಸ್ 4) ಎಣಿಸುವ ಕ್ರಮವೇ ಬೇರೆ. 2021ರ ಏಪ್ರಿಲ್‌ನಲ್ಲಿ ಐಫೋನ್‌ಗಳು ಬಳಕೆದಾರರ ಒಪ್ಪಿಗೆಯಿಲ್ಲದೆ ಜಾಹೀರಾತುದಾರರು ಅವರನ್ನು ಹಿಂಬಾಲಿಸದಂತೆ ತಡೆದ ಮೇಲೆ ಜಾಹೀರಾತಿನ ಫಲಿತಾಂಶದ ಅಂಕಿಗಳೂ ಮೊದಲಿನಂತಿಲ್ಲ. ಈ ಎರಡೂ ನಿಮ್ಮ ಅವಧಿಯ ನಡುವೆಯೇ ಬೀಳುತ್ತವೆ.

ಆದರೂ ಜಾಹೀರಾತು ವೇದಿಕೆಯನ್ನೇ ಅಳತೆಗೋಲಾಗಿ ಬಳಸಿದವರಿದ್ದಾರೆ. ಜನಸಂಖ್ಯಾ ತಜ್ಞ ಎಮಿಲಿಯೊ ಝಗೇನಿ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಲೇಖನವನ್ನು ಖಂಡಿತ ಓದಿ. ಜಾಹೀರಾತು ಹಾಕುವವರಿಗೆ ಫೇಸ್‌ಬುಕ್ ತೋರಿಸುತ್ತಿದ್ದ “ಇಂಥ ದೇಶದಿಂದ ಬಂದು ಇಲ್ಲಿರುವವರು ಇಷ್ಟು ಮಂದಿ” ಎಂಬ ಅಂದಾಜನ್ನು ತೆಗೆದುಕೊಂಡು, ಅಧಿಕೃತ ಸಮೀಕ್ಷೆಗೆ ಹೋಲಿಸಿ, ಅದರ ಓರೆಯನ್ನು (ಒಂದೇ ಕಡೆಗೆ ವಾಲುವ ತಪ್ಪನ್ನು) ತಿದ್ದುವ ಬಗೆಯನ್ನು ಅವರು ವಿವರಿಸಿದ್ದಾರೆ. ಜಾಹೀರಾತಿಗೆ ಹಣ ಕಟ್ಟದೆಯೇ ಆ ಅಂದಾಜನ್ನು ನೋಡಬಹುದಿತ್ತು.

ನನ್ನದೇ ಒಂದು ಅನುಭವ ಹೇಳಿ ಮುಗಿಸುತ್ತೇನೆ. ಚಿಕ್ಕಮಗಳೂರಿನ ಹೋಮ್‌ಸ್ಟೇ ಒಂದಕ್ಕೆ “ವರ್ಕೇಶನ್” (ರಜೆಯ ತಾಣದಲ್ಲಿದ್ದುಕೊಂಡೇ ಕೆಲಸ) ಜಾಹೀರಾತುಗಳನ್ನು ನಡೆಸುತ್ತಿದ್ದಾಗ, ಅಲ್ಲಿನ ಯಜಮಾನರು ಅತಿಥಿಗಳ ಹೆಸರು ಬರೆಯುವ ಉದ್ದನೆಯ ಪುಸ್ತಕದಲ್ಲಿ ಸ್ಕೇಲು ಹಿಡಿದು ಇನ್ನೊಂದು ಗೆರೆ ಎಳೆದು “ಯಾರು ಹೇಳಿದರು” ಎಂಬ ಕಲಂ ಮಾಡಿಕೊಂಡಿದ್ದರು. ನನ್ನ ವರದಿಯಲ್ಲಿ ಇನ್‌ಸ್ಟಾಗ್ರಾಂ ಮುಂದಿರುತ್ತಿತ್ತು. ಅವರ ಕಲಂನಲ್ಲಿ ಪುಟ ಪುಟವೂ “ಸ್ನೇಹಿತರು”, “ಆಫೀಸಿನವರು”, “ಹೋದ ವರ್ಷ ಬಂದಿದ್ದೆ”. ಜಾಹೀರಾತು ನೋಡಿಯೂ ಸ್ನೇಹಿತರನ್ನು ಕೇಳಿ ಬಂದವರಿರಬಹುದು, ಒಪ್ಪುತ್ತೇನೆ. ಆದರೆ ಆ ಪುಸ್ತಕದಂಥದ್ದು ನಿಮ್ಮ ಅಧ್ಯಯನದಲ್ಲಿ ಒಂದಾದರೂ ಇರಬೇಕು.

ಮೆಕ್ಸಿಕೊ ನಗರದಲ್ಲಿದ್ದ ಕನ್ನಡಿಗ:

ಕೆಲಸದ ಮೇಲೆ ಎರಡು ವರ್ಷ ಆ ನಗರದಲ್ಲಿದ್ದವನಾಗಿ ಒಂದು ಮಾತು. ಡಿಜಿಟಲ್ ಅಲೆಮಾರಿಗಳನ್ನು ಆಕರ್ಷಿಸಲು ನಗರ ಸರ್ಕಾರದ ಅಂದಿನ ಮುಖ್ಯಸ್ಥೆ ಕ್ಲಾಡಿಯಾ ಶೇನ್‌ಬೌಮ್ ಅವರು ಏರ್‌ಬಿಎನ್‌ಬಿ ಮತ್ತು ಯುನೆಸ್ಕೊ ಜೊತೆ ಒಪ್ಪಂದ ಮಾಡಿಕೊಂಡದ್ದು 2022ರ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ರೋಮಾ, ಕಾಂಡೆಸಾ ಬಡಾವಣೆಗಳ ಕಾಫಿ ಅಂಗಡಿಗಳಲ್ಲಿ ಇಂಗ್ಲಿಷ್ ಆಗಲೇ ತುಂಬಿತ್ತು. ಕೋವಿಡ್ ಕಾಲದಲ್ಲಿ ಮೆಕ್ಸಿಕೊ ವಿಮಾನಯಾನಿಗಳಿಗೆ ಗಡಿ ಮುಚ್ಚಿರಲಿಲ್ಲ, ಅಮೆರಿಕದವರು ವೀಸಾ ಇಲ್ಲದೆ 180 ದಿನಗಳವರೆಗೆ ಇರಬಹುದಿತ್ತು, ಸಂಬಳ ಡಾಲರಿನಲ್ಲಿ, ಬಾಡಿಗೆ ಪೆಸೊದಲ್ಲಿ. ಅಂದರೆ ಜನ ಮೊದಲು ಬಂದರು, ಪ್ರಚಾರ ಹಿಂದಿನಿಂದ ಬಂತು. ಬಾಡಿಗೆ ಏರಿಕೆಯಿಂದ ಬೇಸತ್ತ ಸ್ಥಳೀಯರು 2025ರ ಜುಲೈ 4ರಂದು ಅದೇ ಬಡಾವಣೆಗಳಲ್ಲಿ ಮೆರವಣಿಗೆ ನಡೆಸಿದಾಗ ಕೆಲವರು ಅಂಗಡಿಗಳ ಗಾಜು ಒಡೆದರು. ಅಷ್ಟರಲ್ಲಿ ದೇಶದ ಅಧ್ಯಕ್ಷೆಯಾಗಿದ್ದ ಶೇನ್‌ಬೌಮ್ ಆ ಮೆರವಣಿಗೆಯಲ್ಲಿ ಕಂಡ ಪರಕೀಯ ದ್ವೇಷವನ್ನು ಖಂಡಿಸಬೇಕಾಯಿತು. ನಿಮ್ಮ ರೇಖಾಚಿತ್ರದಲ್ಲಿ ಬಾಣದ ದಿಕ್ಕನ್ನು ಮತ್ತೊಮ್ಮೆ ನೋಡಿ.

ಧಾರವಾಡದ ಸಂಶೋಧನಾರ್ಥಿ:

ಮೂವರಿಗೂ ಧನ್ಯವಾದಗಳು. ಟ್ರೆಂಡ್ಸ್ ಅಂಕಿಗಳನ್ನು ನಾನು ಬೇರೆ ಬೇರೆಯಾಗಿಯೇ ಇಳಿಸಿಕೊಂಡಿದ್ದೆ, ಹಾಗಾಗಿ ಒಂದು ಅಧ್ಯಾಯವನ್ನು ಮತ್ತೆ ಬರೆಯಬೇಕಾಗುತ್ತದೆ. ಮೆಕ್ಸಿಕೊ ನಗರವನ್ನು ಪ್ರಚಾರಕ್ಕಿಂತ ಮೊದಲೇ ಜನ ಬಂದ ಉದಾಹರಣೆಯಾಗಿ ಇಟ್ಟುಕೊಂಡು, ಸಂಖ್ಯೆಗಳಿಗೆ ಪೋರ್ಚುಗಲ್ ಒಂದನ್ನೇ ಹಿಡಿಯೋಣವೆಂದಿದ್ದೇನೆ. ಅಲ್ಲಿ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯವಿರುವ ಡಿಜಿಟಲ್ ಅಲೆಮಾರಿಗಳಿಗೆ ಡಿ8 ವೀಸಾ 2022ರ ಅಕ್ಟೋಬರ್ 30ರಿಂದ ಸಿಗುತ್ತಿದೆ. ಅದಕ್ಕೆ ಮೊದಲು ಅನೇಕರು ಪಿಂಚಣಿ, ಬಾಡಿಗೆಯಂಥ ಆದಾಯವಿರುವವರ ಡಿ7 ವೀಸಾದಲ್ಲಿಯೇ ಬರುತ್ತಿದ್ದರಂತೆ. ಹಾಗಾದರೆ 2022ಕ್ಕೆ ಹಿಂದಿನ ಡಿ7 ಅಂಕಿಗಳಲ್ಲಿ ನಿವೃತ್ತರನ್ನು ಬೇರ್ಪಡಿಸಲು ವಯಸ್ಸಿನ ವಿಂಗಡಣೆ ಸಾಕಾಗುವುದೇ, ಮೇಷ್ಟ್ರೇ?