ಅಪ್‌ಡೇಟ್: ಬಲ್ಬ್-ಕೆಪಾಸಿಟರ್ ಸೀರೀಸ್, 306 ವೋಲ್ಟಿನ ಲೆಕ್ಕ ಸಿಕ್ಕಿತು

ಬಲ್ಬಿಗೆ ಫ್ಯಾನ್ ಕೆಪಾಸಿಟರನ್ನು ಸೀರೀಸ್‌ನಲ್ಲಿ ಹಾಕಿ ಅಳೆದರೆ, ಎರಡರ ವೋಲ್ಟೇಜ್ ಸೇರಿ ಮನೆ ಲೈನಿನ 230 ವೋಲ್ಟಿಗಿಂತ ಜಾಸ್ತಿ ಯಾಕೆ ಬರುತ್ತದೆ ಅಂತ ಕೇಳಿದ್ದೆನಲ್ಲ, ಬೇರೆ ಮೀಟರ್ ಹಿಡಿದರೂ ಅದೇ ಕಥೆ. 60 ವಾಟಿನ ಹಳೇ ತಂತಿ ಬಲ್ಬಿನಲ್ಲಿ 98, 2.5 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ 208. ಕೂಡಿದರೆ 306!

ವಿಷಯ ಏನಂದ್ರೆ, ಎರಡೂ ಒಂದೇ ಹೊತ್ತಿಗೆ ಏರಿ ಇಳಿಯುವುದಿಲ್ಲ. ಕೆಪಾಸಿಟರಿನದು ಕಾಲು ಸೈಕಲ್ ಹಿಂದೆ, 50 ಹರ್ಟ್ಸ್‌ಗೆ 5 ಮಿಲಿಸೆಕೆಂಡ್ ತಡ. ಹಾಗಾಗಿ ಸುಮ್ನೆ ಕೂಡುವ ಹಾಗಿಲ್ಲ, ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. ತೆಗೆದೆ, 230 ಬಂತು. ಚೆನ್ನಾಗಿದೆ ಅಲ್ವಾ? ಕೆಪಾಸಿಟರಿನ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ಅದು ಒಡ್ಡುವ ತಡೆ) ಸುಮಾರು 1273 ಓಮ್, ಅದರಿಂದ 208 ಭಾಗಿಸಿದರೆ ಕರೆಂಟ್ 0.16 ಆಂಪಿಯರ್. ಬಲ್ಬಿಗೆ ಮಾಮೂಲಿಗಿಂತ ಕಡಿಮೆ ಕರೆಂಟ್, ಮಂಕಾಗಿ ಉರಿಯುವುದು ಅದಕ್ಕೇ.

ಯಾರಾದರೂ ಮಾಡಿ ನೋಡುವುದಾದರೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನ ತಂತಿ ಮುಟ್ಟಬೇಡಿ, ಚಾರ್ಜ್ ಉಳಿದಿರುತ್ತದೆ.