ಕೀಟನ್ ಮೂಕಿ ಚಿತ್ರಕ್ಕೆ ವೇಗ ಎಷ್ಟಿಡಬೇಕು?

ಒಂಟಿಕೊಪ್ಪಲ್_ಪರದೆ: ಮೈಸೂರಲ್ಲಿ ಭಾನುವಾರ ಸಂಜೆ 60 ಜನಕ್ಕೆ ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್‌ನ ‘ಶೆರ್ಲಾಕ್ ಜೂನಿಯರ್’ (1924) ತೋರಿಸ್ಬೇಕು. ಫೈಲಲ್ಲಿ ಎಲ್ಲರೂ ಇರುವೆ ಕಚ್ಚಿದೋರ ಹಾಗೆ ಓಡ್ತಾರೆ. ಪರದೆ ತುಂಬಲಿ ಅಂತ ಜೂಮ್ ಮಾಡಿದ್ರೆ ಟೋಪಿ, ಶೂ ಎರಡೂ ಮಾಯ. ವೇಗ 0.75 ಮಾಡಿದ್ರೆ ಸಾಕಾ? ಹಾರ್ಮೋನಿಯಂ, ತಬಲಾ ನುಡಿಸೋರು ಸಿಕ್ಕಿದ್ದಾರೆ.

ರೀಲುಬಂಡಿ: ಮೊದಲು ಜೂಮ್ ತೆಗೀರಿ. ಅಗಲ-ಎತ್ತರದ ಲೆಕ್ಕ ಚಿತ್ರದ್ದು 4:3, ಪರದೆಯದ್ದು 16:9. ಅಗಲ ತುಂಬಿಸಿದ್ರೆ ಎತ್ತರದಲ್ಲಿ ಕಾಲು ಭಾಗ ಹೋಯ್ತು. ಕೀಟನ್ ತಲೆಯಿಂದ ಕಾಲಿನವರೆಗೆ ಇಡೀ ಮೈ ಕಾಣೋ ಹಾಗೆ ಫ್ರೇಮ್ ಇಡ್ತಾನೆ. ಕನಸಿನ ದೃಶ್ಯ ನೋಡಿ: ಬಂಡೆ ಮೇಲಿಂದ ಸಮುದ್ರಕ್ಕೆ ಹಾರ್ತಾನೆ, ಅಷ್ಟರಲ್ಲಿ ಜಾಗ ಬದಲಾಗಿ ತಲೆಕೆಳಗಾಗಿ ಹಿಮದಲ್ಲಿ ಹೂತ್ಕೊಳ್ತಾನೆ. ಜಾಗ ಬದಲಾದ್ರೂ ಮೈ ಅಲ್ಲೇ ಇರಲಿ ಅಂತ ಸರ್ವೆ ಉಪಕರಣ ಹಿಡಿದು ಅಳತೆ ಮಾಡಿ ತೆಗೆದದ್ದು. ಅದರ ಕಾಲು ಕತ್ತರಿಸಿದ್ರೆ ಏನು ಉಳೀತು?

ವೇಗ ಇಳಿಸೋ ಮುಂಚೆ ವಿಎಲ್‌ಸಿ ವಿಡಿಯೋ ಪ್ಲೇಯರಲ್ಲಿ ‘ಇ’ ಕೀ ಒತ್ತಿ ಒಂದೊಂದೇ ಫ್ರೇಮ್ ನೋಡಿ. ಪ್ರತಿ 4 ಫ್ರೇಮಲ್ಲಿ ಒಂದು ಹಿಂದಿನದರ ಪಡಿಯಚ್ಚಾಗಿದ್ರೆ ಸೆಕೆಂಡಿಗೆ 18 ಫ್ರೇಮಿನ ಚಿತ್ರವನ್ನ 24ಕ್ಕೆ ಆಗಲೇ ಸರಿಮಾಡಿದ್ದಾರೆ ಅಂತ. ಆಗ ಇಳಿಸಿದ್ರೆ ಎಲ್ಲರೂ ನೀರೊಳಗೆ ನಡೆದ ಹಾಗೆ ಕಾಣ್ತಾರೆ.

ಫ್ರೇಮ್_ಎಣಿಕೆ: 0.75 ನನಗೆ ಜಾಸ್ತಿ ನಿಧಾನ ಅನ್ಸುತ್ತೆ. 1920ರ ದಶಕದ ಮಧ್ಯಕ್ಕೆ ಕ್ಯಾಮೆರಾದ ಹಿಡಿ ತಿರುಗಿಸಿ ತೆಗೆದ ವೇಗಕ್ಕಿಂತ ಜೋರಾಗೇ ಥಿಯೇಟರಲ್ಲಿ ಓಡಿಸ್ತಿದ್ರು. ಓಟದ ದೃಶ್ಯಗಳನ್ನಂತೂ ಬೇಕಂತಲೇ ನಿಧಾನವಾಗಿ ತಿರುಗಿಸಿ ತೆಗೀತಿದ್ರು, ಅದನ್ನ ‘ಸರಿ’ ಮಾಡೋಕೆ ಹೋಗ್ಬೇಡಿ. 0.83 (ಸೆಕೆಂಡಿಗೆ 20 ಫ್ರೇಮ್), 0.92 (22) ಎರಡೂ ಹಾಕಿ ನೋಡಿ. ಪರೀಕ್ಷೆಗೆ ಥಿಯೇಟರ್ ಮುಂದೆ ಕಸ ಗುಡಿಸಿ ನೋಟು ಹುಡುಕೋ ದೃಶ್ಯ ಸಾಕು. ಕೀಟನ್ ಯೋಚಿಸಿ ನಿಲ್ಲೋ ಕ್ಷಣ ನಿಮಗೆ ಕಾಣ್ಬೇಕು, ಬೇಸರ ಆಗ್ಬಾರ್ದು. ಸುಮಾರು 45 ನಿಮಿಷದ ಚಿತ್ರ 0.83ರಲ್ಲಿ 54 ನಿಮಿಷ ಆಗುತ್ತೆ, ಹಾಲ್ ಬಾಡಿಗೆ ಅಷ್ಟಕ್ಕೆ ಲೆಕ್ಕ ಹಾಕಿ.

ಮಂಡ್ಯ_ತಾಳ: ಫೈಲಿನ ಸಂಗೀತ ಮ್ಯೂಟ್ ಮಾಡ್ಬುಡಿ. ಚಿತ್ರದ ಹಕ್ಕು ನಮ್ಮಲ್ಲಿ 60 ವರ್ಷಕ್ಕೆ ಮುಗ್ದೋಯ್ತು, ಆದ್ರೆ ಆಮೇಲೆ ಸೇರಿಸಿದ ಸಂಗೀತದ ಹಕ್ಕು ಬೇರೆ ಕಣಣ್ಣ.

ತಬಲಾದೋರಿಗೆ ಒಂದೇ ಮಾತು: ಬಿದ್ದಾಗೆಲ್ಲ ಧಡಾರ್ ಅನ್ನಿಸ್ಬೇಡಿ. ಕೀಟನ್ ಮುಖದಲ್ಲಿ ನಗು ಇರಲ್ಲ. ಸಂಗೀತ ಮೊದ್ಲೇ ನಕ್ಬುಟ್ರೆ ಜನಕ್ಕೆ ಏನೂ ಉಳಿಯಲ್ಲ. ಒಂದು ಲಯ ಹಿಡ್ಕೊಂಡು ಹೋಗಿ, ಮೋಟಾರ್‌ಸೈಕಲ್ ಹ್ಯಾಂಡಲ್ ಮೇಲೆ ಕೂತು ಹೋಗ್ವಾಗ ದುಗುನ್, ಅಂದ್ರೆ ಎರಡರಷ್ಟು ವೇಗ. ವೇಗ ಗೊತ್ತು ಮಾಡಿದ ಮೇಲೆ ರಿಹರ್ಸಲ್ ಮಾಡಿ, ಇಲ್ಲಾಂದ್ರೆ ಹಿಡಿದ ಲಯವೆಲ್ಲ ಪಲ್ಟಿ.

ನಡುವೆ ಮಾತು ಬರೆದ ಕಾರ್ಡ್ ಪರದೆ ಮೇಲೆ ಬಂದ ಕೂಡ್ಲೆ ಅದರ ಕನ್ನಡ ಅನುವಾದ ಕೆಳಗೆ ಬರ್ಲಿ. ಗಟ್ಟಿಯಾಗಿ ಓದೋರನ್ನ ಕೂರಿಸ್ಬೇಡಿ, ತಬಲಾ ಮುಳುಗೋಯ್ತದೆ.