4 ಓಮ್ ಸ್ಪೀಕರಿಗೆ 90 ವಾಟ್ ರಿಸೀವರ್ ಸಾಲದೇ?

ಡೊಂಬಿವಲಿ ಕೇಳುಗ

ನಮಸ್ಕಾರ. ನಮ್ಮ ಹಾಲ್ 11 ಅಡಿಗೆ 16 ಅಡಿ. ಸೋಫಾಗೂ ಸ್ಪೀಕರುಗಳಿಗೂ ಸುಮಾರು 3 ಮೀಟರ್ ಅಂತರ. ಎದುರಿನ ಎರಡು ಟವರ್‌ಗಳೂ ನಡುವಿನ ಸೆಂಟರ್ ಸ್ಪೀಕರೂ 4 ಓಮ್‌ನವು; ಸೆನ್ಸಿಟಿವಿಟಿ 84 ಡೆಸಿಬೆಲ್ (2.83 ವೋಲ್ಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಸಿಗುವ ಸದ್ದು). ರಿಸೀವರ್ (ಸ್ಪೀಕರುಗಳನ್ನೆಲ್ಲ ನುಡಿಸುವ ಹೋಂ ಥಿಯೇಟರ್ ಆಂಪ್ಲಿಫೈಯರ್) ಪೆಟ್ಟಿಗೆಯ ಮೇಲೆ ‘ಚಾನೆಲ್‌ಗೆ 90 ವಾಟ್’ ಎಂದು ದಪ್ಪಕ್ಷರದಲ್ಲಿದೆ; 8 ಓಮ್‌ಗೆ, ಎರಡೇ ಚಾನೆಲ್ ನುಡಿಯುವಾಗ ಎಂಬುದು ಸಣ್ಣಕ್ಷರದಲ್ಲಿ. ವಾಲ್ಯೂಮ್ -12ಕ್ಕೆ ಏರಿಸಿದರೆ ಗದ್ದಲದ ದೃಶ್ಯಗಳಲ್ಲಿ ಮಾತು ಒರಟಾಗುತ್ತದೆ, ಸ್ವಲ್ಪ ಹೊತ್ತಿಗೆ ರಿಸೀವರ್ ತಾನಾಗಿ ಆರಿಹೋಗುತ್ತದೆ. ಅಂಗಡಿಯವರು ಅದೇ ಸರಣಿಯ 110 ವಾಟ್ ಮಾದರಿ ಕೊಳ್ಳಿ ಎನ್ನುತ್ತಾರೆ. ಹಳೆಯದಕ್ಕೆ ಅವರು ಕಟ್ಟಿದ ಬೆಲೆ ಕೇಳಿ ಮನೆಯವರು ನಕ್ಕರು. ಪ್ರಯೋಜನ ಉಂಟೇ? ಸಬ್‌ವೂಫರ್ ಇದೆ.

ಮಾಟುಂಗದ ಹಳಬ

ಬೇಡ. 90ರಿಂದ 110ಕ್ಕೆ ಹೋದರೆ ಸಿಗುವುದು 0.9 ಡೆಸಿಬೆಲ್. ನಿಮ್ಮ ಕಿವಿಗೆ ಅದು ತಿಳಿಯುವುದೇ ಕಷ್ಟ, ಕಿಸೆಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ವಾಟ್ ದುಪ್ಪಟ್ಟಾದರೆ 3 ಡೆಸಿಬೆಲ್ ಏರುತ್ತದೆ, ಅಷ್ಟೇ.

ಲೆಕ್ಕ ಹಾಕೋಣ. 4 ಓಮ್‌ಗೆ 2.83 ವೋಲ್ಟ್ ಎಂದರೆ 1 ವಾಟ್ ಅಲ್ಲ, 2 ವಾಟ್. ಕರಪತ್ರದವರು ಇದನ್ನು ಹೇಳುವುದಿಲ್ಲ. ಬಯಲಿನಲ್ಲಾದರೆ 3 ಮೀಟರ್ ದೂರಕ್ಕೆ ಒಂಬತ್ತೂವರೆ ಡೆಸಿಬೆಲ್ ಕಳೆಯುತ್ತದೆ. ಕೋಣೆಯ ಗೋಡೆಗಳು ಸ್ವಲ್ಪ ಹಿಂದಿರುಗಿಸುತ್ತವೆ, 7 ಎಂದಿಟ್ಟುಕೊಳ್ಳಿ. ಸೋಫಾದಲ್ಲಿ ಉಳಿದದ್ದು 77. ಸರಿಯಾಗಿ ಕ್ಯಾಲಿಬ್ರೇಟ್ ಆದ ರಿಸೀವರಿನಲ್ಲಿ 0 ಎಂದರೆ ಚಿತ್ರಮಂದಿರದ ಮಟ್ಟ, ಒಂದೊಂದು ಚಾನೆಲ್‌ನ ಗರಿಷ್ಠ 105 ಡೆಸಿಬೆಲ್. -12ರಲ್ಲಿ ಅದು 93. ಇನ್ನೂ 16 ಡೆಸಿಬೆಲ್ ಬೇಕು, ಅಂದರೆ 40 ಪಟ್ಟು: ಸುಮಾರು 80 ವಾಟ್. ಅದೇ 0ಗೆ ತಿರುಗಿಸಿದರೆ 1,200 ವಾಟ್ ದಾಟುತ್ತದೆ! ಆ ಸ್ಪೀಕರುಗಳೇ ತಾಳಲಾರವು.

ಇಷ್ಟು ವಾಟ್ ಸದಾ ಹರಿಯುವುದಿಲ್ಲ. ನಾನು ಮುಂಬಯಿಯ ಯಕ್ಷಗಾನ ಪ್ರದರ್ಶನಗಳಿಗೆ ಮೈಕು ಕಟ್ಟುತ್ತಿದ್ದವನು. ಭಾಗವತರ ಪದಕ್ಕೆ ಆಂಪ್ಲಿಫೈಯರ್ ಬೆವರುವುದಿಲ್ಲ. ಚೆಂಡೆಯ ಒಂದು ಪೆಟ್ಟಿಗೆ ಮುಳ್ಳು ಕೊನೆಗೆ ಹೋಗಿ ಬಡಿಯುತ್ತದೆ. ಸಿನಿಮಾ ಕೂಡ ಹಾಗೆಯೇ. ಆ ಗಳಿಗೆಗೆ ವೋಲ್ಟೇಜ್ ಸಾಲದಿದ್ದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ನೀವು ಕೇಳುತ್ತಿರುವ ಒರಟುತನ ಬಹುಶಃ ಅದೇ. ಟ್ವೀಟರ್ (ಏರು ಸ್ವರಗಳ ಪುಟ್ಟ ಘಟಕ) ಸುಡುವುದಕ್ಕೂ ಅದು ಸಾಕು.

80 ವಾಟ್ ಒಂದೇ ಚಾನೆಲ್‌ಗಾದರೆ ನಿಮ್ಮ ರಿಸೀವರ್ ಕೊಟ್ಟೀತು. ಆದರೆ ಮೂರು 4 ಓಮ್ ಸ್ಪೀಕರುಗಳು ಒಟ್ಟಿಗೆ ಕರೆಂಟ್ ಎಳೆದಾಗ ಎಲ್ಲಕ್ಕೂ ಇರುವುದು ಒಂದೇ ಟ್ರಾನ್ಸ್‌ಫಾರ್ಮರ್. 4 ಓಮ್ ಎನ್ನುವ ಸ್ಪೀಕರ್ ಕೆಲವು ಆವರ್ತನಗಳಲ್ಲಿ 3ಕ್ಕೂ ಇಳಿಯುತ್ತದೆ. ಅದರ ಮೇಲೆ ನಮ್ಮ ಮೇ ತಿಂಗಳ ಸೆಕೆ. ರಿಸೀವರನ್ನು ಮುಚ್ಚಿದ ಟಿವಿ ಕಪಾಟಿನಲ್ಲಿ ಇಟ್ಟಿದ್ದೀರಾ? ಟವರ್‌ಗಳು ಮೆನುವಿನಲ್ಲಿ ‘ಲಾರ್ಜ್’ ಎಂದಿವೆಯೇ?

ಡೊಂಬಿವಲಿ ಕೇಳುಗ

ಎರಡಕ್ಕೂ ಹೌದು. ‘ಲಾರ್ಜ್’ ನಾನು ಇಟ್ಟದ್ದಲ್ಲ, ಆಟೋ ಸೆಟಪ್ ಇಟ್ಟದ್ದು. ಮೆನುವಿನಲ್ಲಿ 4 ಓಮ್ ಎಂಬ ಆಯ್ಕೆಯೂ ಇದೆ, ಹಾಕಲೇ?

ಮಾಟುಂಗದ ಹಳಬ

ಹಾಕಬೇಡಿ. ಸಾಮಾನ್ಯವಾಗಿ ಅದು ಒಳಗಿನ ವೋಲ್ಟೇಜನ್ನು ತಗ್ಗಿಸಿ ರಿಸೀವರನ್ನು ತಂಪಾಗಿಡುತ್ತದೆ, ಶಕ್ತಿ ಇನ್ನೂ ಕುಗ್ಗುತ್ತದೆ. ಟವರ್ ಎಷ್ಟೇ ಎತ್ತರವಿರಲಿ ‘ಸ್ಮಾಲ್’ ಮಾಡಿ, 80 ಹರ್ಟ್ಸ್‌ಗೆ ಕ್ರಾಸ್‌ಓವರ್ (ಸ್ವರಗಳನ್ನು ಹಂಚುವ ಗಡಿ) ಇಡಿ. ಶಕ್ತಿ ನುಂಗುವ ತಗ್ಗು ಸ್ವರಗಳ ಹೊರೆ ಸಬ್‌ವೂಫರಿಗೆ ಹೋಗುತ್ತದೆ, ಅದಕ್ಕೆ ತನ್ನದೇ ಆಂಪ್ಲಿಫೈಯರ್ ಇದೆ. ರಿಸೀವರನ್ನು ಕಪಾಟಿನಿಂದ ಹೊರಗಿಡಿ. ಇವೆರಡಕ್ಕೂ ಖರ್ಚಿಲ್ಲ.

ಆಮೇಲೂ ಆರಿದರೆ ಹಿಂಬದಿಯಲ್ಲಿ ಪ್ರಿ-ಔಟ್ (ಬೇರೆ ಆಂಪ್ಲಿಫೈಯರಿಗೆ ಸಿಗ್ನಲ್ ಕೊಡುವ ಸಾಕೆಟ್) ಇದೆಯೇ ನೋಡಿ. ಇದ್ದರೆ 4 ಓಮ್‌ಗೆ 200 ವಾಟ್ ಎಂದು ಸ್ಪಷ್ಟವಾಗಿ ನಮೂದಿಸಿರುವ ಮೂರು ಚಾನೆಲ್‌ನ ಪವರ್ ಆಂಪ್ಲಿಫೈಯರ್ ಕೊಳ್ಳಿ. ಎರಡು ಚಾನೆಲ್‌ನದು ಅಗ್ಗವೆಂದು ಸೆಂಟರನ್ನು ಬಿಡಬೇಡಿ, ಸಿನಿಮಾದ ಮಾತು ಬಹುಪಾಲು ಬರುವುದು ಅಲ್ಲಿಂದಲೇ. ಸುತ್ತಲಿನ ಸ್ಪೀಕರುಗಳಿಗೆ ರಿಸೀವರ್ ಸಾಕು. ಜೋಡಿಸಿದ ಮೇಲೆ ಆಟೋ ಸೆಟಪ್ ಮತ್ತೆ ಓಡಿಸಿ, ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಬೇರೆಯಾಗಿರುತ್ತದೆ. ‘ಲಾರ್ಜ್’ ಮತ್ತೆ ಬಂದು ಕೂತಿದೆಯೇ ಎಂದೂ ನೋಡಿ.

ಪುಣೆಯ ವೈರ್‌ಮನ್

ಹಳಬರ ಲೆಕ್ಕವನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಬಹುದು. -20 ಡಿಬಿಎಫ್‌ಎಸ್ (ಡಿಜಿಟಲ್ ಗರಿಷ್ಠಕ್ಕಿಂತ 20 ಡೆಸಿಬೆಲ್ ಕೆಳಗಿನ) ಮಟ್ಟದ 120 ಹರ್ಟ್ಸ್ ಟೋನನ್ನು -12ರಲ್ಲಿ ನುಡಿಸಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟ್ ಅಳೆಯಿರಿ. ಗರಿಷ್ಠ ಮಟ್ಟದಲ್ಲಿ ಅದರ ಹತ್ತು ಪಟ್ಟು ಬೇಕು.

ದೊಡ್ಡ ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಇರುವ ಆಂಪ್ಲಿಫೈಯರ್ ಸ್ವಿಚ್ ಹಾಕಿದ ಕ್ಷಣ ಬಹಳ ಕರೆಂಟ್ ಎಳೆದು ಬಿ ವರ್ಗದ ಎಂಸಿಬಿಯನ್ನು ಬೀಳಿಸಬಹುದು. ಎಲೆಕ್ಟ್ರಿಷಿಯನ್ ಬಳಿ ಸಿ ವರ್ಗದ್ದನ್ನು ಹಾಕಿಸಿ. ಗುಂಯ್ ಎನ್ನುವ ಸದ್ದು ಬಂದರೆ ಮೊದಲು ಸೆಟ್‌ಟಾಪ್ ಬಾಕ್ಸಿನ ಕೇಬಲ್ ಕಳಚಿ ನೋಡಿ. ಪ್ಲಗ್ಗಿನ ಅರ್ತ್ ಪಿನ್ ಮುರಿಯಿರಿ ಎನ್ನುವವರು ಎಲ್ಲೆಡೆ ಸಿಗುತ್ತಾರೆ, ಅವರ ಮಾತು ಕೇಳಬೇಡಿ.

ಡೊಂಬಿವಲಿ ಕೇಳುಗ

ಅಳೆದೆ, 1.9 ವೋಲ್ಟ್. ಅಂದರೆ 19 ವೋಲ್ಟ್, 4 ಓಮ್‌ಗೆ 90 ವಾಟ್. ಹಳಬರ ಲೆಕ್ಕಕ್ಕೆ ಹತ್ತಿರವೇ. ‘ಸ್ಮಾಲ್’ ಮಾಡಿ ಕಪಾಟಿನ ಬಾಗಿಲು ಕಳಚಿದ ಮೇಲೆ -12ರಲ್ಲಿ ಆರಲಿಲ್ಲ, -9ರಲ್ಲಿ ಆರಿತು. ಪ್ರಿ-ಔಟ್ ಇದೆ. ಶನಿವಾರ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಮೂರು ಚಾನೆಲ್‌ನದರ ಬೆಲೆ ವಿಚಾರಿಸುತ್ತೇನೆ. ಕೆಳಗಿನ ಮನೆಯವರಿಗೆ ಇನ್ನೂ ಹೇಳಿಲ್ಲ.